ಬಂಗಾರಪೇಟೆಯ ಒಂದು ಸಾಲ

ಬಂಗಾರಪೇಟೆಗೆ ಆ ಹೆಸರು ಬಂದುದು ಗಣಿಯ ಬಂಗಾರದಿಂದಲೇ ಎಂದು ಯಾರಾದರೂ ಭಾವಿಸಿದರೆ ತಪ್ಪೇನಿಲ್ಲ. ಆದರೆ ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ಸಾಹೇಬರ ಹೆಸರಿನಿಂದ ಅದು ಮೊದಲು ಬೌರಿಂಗ್‌ಪೇಟೆ ಎನಿಸಿಕೊಂಡಿತ್ತು. ಈ ಊರಿನ ಚರಿತ್ರೆಯಲ್ಲಿ ಚಿನ್ನಕ್ಕಿಂತಲೂ ಬೆಲೆಯುಳ್ಳದ್ದೆಂದು ನನಗೆ ತೋರುವ ಸಂಗತಿಯೊಂದುಂಟು. ಅದಕ್ಕೆ ಮುನ್ನ ನೆರೆಯ ಗಣಿಯ ಮಾತನ್ನು ಸಂಕ್ಷೇಪವಾಗಿ ಹೇಳಬೇಕು.

1880ರಲ್ಲಿ ಜಾನ್ ಟೇಲರ್ ಕಂಪನಿ ಕೋಲಾರದ ಚಿನ್ನದ ಗಣಿಗೆ ಕೈಹಾಕಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಅಲ್ಲಿಗೆ ಬಂದಿತು. 1956ರಲ್ಲಿ ಮೈಸೂರು ಸರ್ಕಾರವು ಗಣಿಗಳನ್ನು ವಹಿಸಿಕೊಂಡಿತು. ನೆಲದಡಿ ಮೂರು ಕಿಲೋಮೀಟರಿಗೂ ಮಿಕ್ಕ ಆಳಕ್ಕೆ ಇಳಿದ ಈ ಉದ್ಯಮ 2001ರ ಫೆಬ್ರವರಿ 28ರಂದು ಮುಚ್ಚಿತು. ಈ ವೈಭವದ ಲೆಕ್ಕದಲ್ಲಿ ಹೆಣ್ಣಿನ ಪಾಲೆಷ್ಟು? 1952ರ ಗಣಿ ಕಾಯಿದೆಯು ಹೆಂಗಸರು ನೆಲದೊಳಕ್ಕೆ ಇಳಿದು ದುಡಿಯಕೂಡದೆಂದಿತು. 2019ರಲ್ಲಿ ಆ ನಿರ್ಬಂಧ ಸಡಿಲವಾದಾಗ ಇಲ್ಲಿ ಇಳಿಯಲು ಗಣಿಯೇ ಉಳಿದಿರಲಿಲ್ಲ. ಆಳದ ದುಡಿಮೆಯ ಸಂಬಳ ಗಂಡಸಿನ ಹೆಸರಿನಲ್ಲಿ ಬಂದಿತು. ನಿಂತ ದಿನ ಮನೆಯೊಲೆಯ ಚಿಂತೆ ಮಾತ್ರ ಹೆಂಗಸಿನ ಪಾಲಿಗೆ ಉಳಿಯಿತು.

ಇನ್ನು ಸುತ್ತಲಿನ ಹಳ್ಳಿಗಳ ಕಡೆ ತಿರುಗೋಣ. ಕಾಮಸಮುದ್ರದ ಕಡೆಯ ಮಳೆಯಾಶ್ರಿತ ಹೊಲಗಳ ನಡುವೆ ಮೈರಾಡ ಸಂಸ್ಥೆ ಕೆಲಸ ಮಾಡುತ್ತಿತ್ತು. 1980ರ ದಶಕದಲ್ಲಿ ಅದರ ಕಾರ್ಯಕ್ಷೇತ್ರಗಳಲ್ಲಿ ದೊಡ್ಡ ಸಹಕಾರ ಸಂಘಗಳು ಒಡೆದು, ಒಬ್ಬರನ್ನೊಬ್ಬರು ನಂಬುವ ಸಣ್ಣ ಗುಂಪುಗಳು ಹುಟ್ಟಿದುವು. ವಾರವಾರ ಕೂಡುವುದು, ಕೈಲಾದಷ್ಟು ಉಳಿಸುವುದು, ಆ ಹಣವನ್ನೇ ತಮ್ಮೊಳಗೆ ಸಾಲವಾಗಿ ಕೊಡುವುದು—ಇಷ್ಟೇ ಅವುಗಳ ಶಾಸ್ತ್ರ. ಬಡ್ಡಿಯ ದರವನ್ನು ಅವರೇ ಗೊತ್ತುಮಾಡುವರು. ಬಡ್ಡಿಯೂ ಅವರ ಪೆಟ್ಟಿಗೆಗೇ ಬರುವುದು. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿಯ ನೆರವು ಕೊಟ್ಟಿತು.

ಆದರೆ ಬ್ಯಾಂಕಿನ ಬಾಗಿಲು ತೆರೆಯಲಿಲ್ಲ. ಗುಂಪಿಗೆ ನೋಂದಣಿಯಿಲ್ಲ, ಒತ್ತೆಗೆ ಆಸ್ತಿಯಿಲ್ಲ, ಜಮೀನಿದ್ದರೆ ಅದು ಬಹುಮಟ್ಟಿಗೆ ಗಂಡನ ಹೆಸರಿನಲ್ಲಿ. 1991ರ ಜುಲೈಯಲ್ಲಿ ರಿಸರ್ವ್ ಬ್ಯಾಂಕು ಈ ಪ್ರಯೋಗದಲ್ಲಿ ಸೇರುವಂತೆ ವಾಣಿಜ್ಯ ಬ್ಯಾಂಕುಗಳಿಗೆ ಸೂಚಿಸಿತು. ಆ ಡಿಸೆಂಬರ್ 9ರಂದು ವೈಶ್ಯ ಬ್ಯಾಂಕಿನ ಬಂಗಾರಪೇಟೆ ಶಾಖೆಯು ಮುದುಗುಳಿಯ ವೆಂಕಟೇಶ್ವರ ಮಹಿಳಾ ಸಂಘಕ್ಕೆ ಸಾಲ ಕೊಟ್ಟಿತು. ದೇಶದಲ್ಲಿ ಸ್ವಸಹಾಯ ಸಂಘವೊಂದಕ್ಕೆ ಈ ಕ್ರಮದಲ್ಲಿ ದೊರೆತ ಮೊದಲ ಬ್ಯಾಂಕ್ ಸಾಲ ಇದೇ. ಚಿನ್ನದ ಗಣಿ ಪ್ರದೇಶದ ಆಂಡರ್ಸನ್‌ಪೇಟೆಯಲ್ಲಿ ಕಾರ್ಪೊರೇಷನ್ ಬ್ಯಾಂಕಿನ ಶಾಖೆಯೂ ಹೆಜ್ಜೆ ಹಾಕಿತು. ಮರುವರ್ಷ ನಬಾರ್ಡ್ 500 ಸಂಘಗಳ ಯೋಜನೆಯನ್ನು ಆರಂಭಿಸಿ, ಉಳಿತಾಯದ ನಾಲ್ಕು ಪಟ್ಟಿನವರೆಗೆ ಸಾಲಕ್ಕೆ ಅವಕಾಶ ಕೊಟ್ಟಿತು. ಅಂದರೆ ಆಸ್ತಿಯ ಬದಲು ಹೆಂಗಸರ ನಡತೆಯೇ ಒತ್ತೆಯಾಯಿತು.

ಸಾಲವೇ ಭದ್ರತೆಯಲ್ಲವೆಂಬ ಆಕ್ಷೇಪಣೆ ಬರಬಹುದು. ನಿಜ. ಕೂಲಿ ಏರದೆ, ಜಮೀನಿನಲ್ಲಿ ಹಕ್ಕು ದೊರೆಯದೆ, ಸಾಲ ಮಾತ್ರ ಬೆಳೆದರೆ ಅದು ಹೊಸದೊಂದು ಹೊರೆ. ಮಾರಿಕುಪ್ಪದಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವ ಹೆಣ್ಣುಮಕ್ಕಳನ್ನು ನೋಡಿದರೆ, ಊರಿನಲ್ಲೇ ದುಡಿಮೆ ಕೊಡುವ ಕೆಲಸ ಇನ್ನೂ ಉಳಿದಿದೆಯೆಂಬುದು ತಿಳಿಯುತ್ತದೆ.

ಆದರೂ ನನ್ನ ಎಣಿಕೆ ಬೇರೆ. ಗಣಿಯ ಸಂಬಳ ನಿಲ್ಲುವುದೆಂದು ತೀರ್ಮಾನವಾದಾಗ ಆ ಮನೆಗಳ ಹೆಂಗಸರನ್ನು ಕೇಳಿದವರು ಯಾರು? ಮುದುಗುಳಿಯಲ್ಲಿ ಯಾರಿಗೆ ಎಷ್ಟು ಸಾಲ, ಏಕೆ ಎಂಬುದನ್ನು ಹೆಂಗಸರೇ ಕೂತು ತೀರ್ಮಾನಿಸಿದರು. ಗಣಿಯಿಂದ ತೆಗೆದ ಚಿನ್ನವೆಲ್ಲ ಊರು ಬಿಟ್ಟು ಹೋಯಿತು. ಆ ತೀರ್ಮಾನದ ಅಭ್ಯಾಸ ಮಾತ್ರ ಊರಿನಲ್ಲಿ ಬೇರುಬಿಟ್ಟು, ದೇಶಕ್ಕೂ ಹಬ್ಬಿತು.