ಮುಂದಿನ ಕ್ಯಾಮೆರಾ ಯಾವುದು? ಒಂದು ಹಳೆಯ ಪ್ರಶ್ನೆಯ ಚರಿತ್ರೆ

ಜೇಬಿನಲ್ಲಿ ಐವತ್ತು ರೂಪಾಯಿಯ ನೋಟಿದ್ದರೆ ತಿರುಗಿಸಿ ನೋಡಿ. 2017ರಲ್ಲಿ ಚಲಾವಣೆಗೆ ಬಂದ ಈ ನೋಟಿನ ಹಿಂಬದಿಯಲ್ಲಿ ಹಂಪಿಯ ಕಲ್ಲಿನ ರಥವಿದೆ. ಅದರ ಚಾವಣಿ ಚಪ್ಪಟೆ. ನಾವು ಶಾಲೆಯ ಪ್ರವಾಸದಲ್ಲಿ ನೋಡಿದ್ದೂ ಅದನ್ನೇ. ಆದರೆ 1856ರ ಹೊತ್ತಿಗೆ ತೆಗೆದ ಒಂದು ಫೋಟೊದಲ್ಲಿ ಇದೇ ರಥದ ಮೇಲೆ ಇಟ್ಟಿಗೆಯ ಗೋಪುರ ನಿಂತಿದೆ. ಆಮೇಲೆ ಗೋಪುರ ಹೋಯಿತು, ಫೋಟೊ ಉಳಿಯಿತು.

ತೆಗೆದವನು ಅಲೆಕ್ಸಾಂಡರ್ ಗ್ರೀನ್‌ಲಾ. ಮದ್ರಾಸ್ ಸೈನ್ಯದ ಅಧಿಕಾರಿ. ಫೋಟೊಗ್ರಫಿ ಅವನ ಕಸುಬಲ್ಲ, ಹವ್ಯಾಸ. ಅವನ ನೆಗೆಟಿವ್‌ಗಳು 1980ರಲ್ಲಿ ಇಂಗ್ಲೆಂಡಿನಲ್ಲಿ ಬೆಳಕಿಗೆ ಬಂದವು. ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಆ ದಶಕದಲ್ಲೇ ಹಂಪಿಗೆ ಬಂದು, ಗ್ರೀನ್‌ಲಾ ನಿಂತ ಜಾಗಗಳನ್ನು ಹುಡುಕಿ, ಅಲ್ಲೇ ನಿಂತು ಮತ್ತೆ ಚಿತ್ರ ತೆಗೆದರು. ನಡುವಿನ ಕಾಲದಲ್ಲಿ ಏನೇನು ಬಿತ್ತು, ಏನೇನನ್ನು ಕೆಡವಿದರು, ಏನೇನನ್ನು ಮತ್ತೆ ಕಟ್ಟಿದರು ಎಂಬುದು ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟಾಗ ಕಾಣುತ್ತದೆ.

ದೀಪಾವಳಿ ಸೇಲ್ ಹತ್ತಿರ ಬಂದಾಗಲೆಲ್ಲ ಡೊಂಬಿವಲಿ, ಕಲ್ಯಾಣ, ಠಾಣೆಯ ಹಕ್ಕಿ ನೋಡುವ ಗೆಳೆಯರ ನಡುವೆ ಏಳುವ ಪ್ರಶ್ನೆಗೂ ಇದಕ್ಕೂ ನಂಟಿದೆ. ಈಗಿರುವ ಕ್ಯಾಮೆರಾ ಸಾಲದು, ಮುಂದಿನದು ಯಾವುದು? ಇದು ಆನ್‌ಲೈನ್ ಅಂಗಡಿಗಳು ಹುಟ್ಟಿಸಿದ ಪ್ರಶ್ನೆ ಎಂದುಕೊಳ್ಳುತ್ತೇವೆ. ಗ್ರೀನ್‌ಲಾನ ಮುಂದೆಯೂ ಇದೇ ಪ್ರಶ್ನೆ ಇತ್ತು.

ಕಾಗದವೋ ಗಾಜೋ

1854ರ ಮೇ 1ರಂದು ರೈಲು ಕಲ್ಯಾಣ ಮುಟ್ಟಿತು. ಬೋರಿಬಂದರ್‌ನಿಂದ ಠಾಣೆಗೆ ಮೊದಲ ರೈಲು ಓಡಿ ಆಗ ಒಂದು ವರ್ಷವಾಗಿತ್ತಷ್ಟೆ. ಅದೇ 1854ರಲ್ಲಿ ಮುಂಬೈಯಲ್ಲಿ ಫೋಟೊಗ್ರಾಫಿಕ್ ಸೊಸೈಟಿ ಹುಟ್ಟಿತು. 1856ರಿಂದ 1858ರವರೆಗೆ ಜಾನ್ಸನ್ ಮತ್ತು ಹೆಂಡರ್‌ಸನ್ ಅದರ ಆಶ್ರಯದಲ್ಲಿ ತಿಂಗಳಿಗೊಂದರಂತೆ ಚಿತ್ರಸಂಪುಟ ಹೊರತಂದರು. ಅದರ ಹೆಸರು 'ಇಂಡಿಯನ್ ಅಮೆಚೂರ್ಸ್ ಫೋಟೊಗ್ರಾಫಿಕ್ ಆಲ್ಬಮ್'. ಅಮೆಚೂರ್ ಎಂಬ ಮಾತನ್ನು ನಾವೀಗ 'ಇನ್ನೂ ಕಲಿಯಬೇಕಾದವನು' ಎಂಬರ್ಥದಲ್ಲಿ ಬಳಸುತ್ತೇವೆ. ಅದರ ಬೇರು ಪ್ರೀತಿ ಎಂಬ ಅರ್ಥದ ಲ್ಯಾಟಿನ್ ಪದದಲ್ಲಿದೆ. ಪ್ರೀತಿಯಿಂದ ಮಾಡುವವನು ಅಮೆಚೂರ್. ನಮ್ಮ 'ಹವ್ಯಾಸಿ' ಆ ಮೂಲಾರ್ಥಕ್ಕೇ ಹೆಚ್ಚು ಹತ್ತಿರ.

ಕರ್ನಾಟಕದ ದೇವಾಲಯಗಳ ಮೊದಲ ಫೋಟೊಗಳಲ್ಲಿ ಅನೇಕವು ಇಂಥವರ ಕೆಲಸ. ಮುಂಬೈ ಸರ್ಕಾರ ನೇಮಿಸಿದ ಸೇನಾಧಿಕಾರಿ ಥಾಮಸ್ ಬಿಗ್ಸ್, ಅವನ ನಂತರ ಬಂದ ವೈದ್ಯ ಪಿಗೌ, ಮೈಸೂರು ಸೀಮೆಯಲ್ಲಿ ಚಿತ್ರ ತೆಗೆದ ಇನ್ನೊಬ್ಬ ವೈದ್ಯ ನೀಲ್, ಈ ಮೂವರ ಚಿತ್ರಗಳು ಸೇರಿ 1866ರಲ್ಲಿ ಲಂಡನ್ನಿನಿಂದ ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ದೊಡ್ಡ ಪುಸ್ತಕ ಬಂತು. ಅದರ ಬರಹದಲ್ಲಿ ಮೆಡೋಸ್ ಟೇಲರ್ ಕೈಯೂ ಇದೆ, ನಮ್ಮ ಸುರಪುರದ ಟೇಲರ್.

ಅವರ ಕಾಲದ 'ಹೊಸ ಮಾಡೆಲ್' ಗಾಜಿನದು. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಗಾಜಿನ ಮೇಲೆ ಕೊಲೋಡಿಯನ್ ಬಳಿದು ಚಿತ್ರ ತೆಗೆಯುವ ವಿಧಾನ ಪ್ರಕಟಿಸಿದ. ಚಿತ್ರ ಸ್ಫುಟ, ಬೇಕಾದ ಸಮಯ ಕಡಿಮೆ. ಆದರೆ ಲೇಪ ಒಣಗುವ ಮೊದಲೇ ತೆಗೆದು ತೊಳೆಯಬೇಕು, ಅಂದರೆ ಹೋದಲ್ಲೆಲ್ಲ ಕತ್ತಲೆಯ ಡೇರೆ ಹೊರಬೇಕು. ಗಾಜು ಭಾರ, ಒಡೆಯುವ ಭಯ ಬೇರೆ. ಹಳೆಯ ವಿಧಾನವಾದ ಮೇಣದ ಕಾಗದ ನಿಧಾನ. ಆದರೆ ಮೊದಲೇ ಸಿದ್ಧಮಾಡಿಟ್ಟುಕೊಂಡು ಬಿಸಿಲಲ್ಲಿ ದಿನಗಟ್ಟಲೆ ತಿರುಗಬಹುದು. ಗಾಜು ಬಂದು ಐದು ವರ್ಷವಾಗಿದ್ದರೂ ಗ್ರೀನ್‌ಲಾ ಹಂಪಿಗೆ ಒಯ್ದದ್ದು ಕಾಗದವನ್ನೇ. ಕಲ್ಲು ಅಲ್ಲಾಡುವುದಿಲ್ಲ, ಅವನಿಗೆ ವೇಗ ಬೇಕಿರಲಿಲ್ಲ. ಹಾಳೆ ದೊಡ್ಡದಿರಬೇಕಿತ್ತು, ಇತ್ತು: ಸುಮಾರು 16 ಇಂಚಿಗೆ 18 ಇಂಚು.

ಅವನ ಆಯ್ಕೆಯ ಹಿಂದಿನ ತರ್ಕ ಸರಳ. ನನ್ನ ಚಿತ್ರಕ್ಕೆ ಅಡ್ಡಿಯಾಗಿರುವುದು ಏನು, ಹೊಸ ಯಂತ್ರ ಆ ಅಡ್ಡಿಯನ್ನೇ ತೆಗೆಯುತ್ತದೆಯೇ, ಅಥವಾ ನನಗಿಲ್ಲದ ಇನ್ನಾವುದೋ ತೊಂದರೆಗೆ ಪರಿಹಾರ ಕೊಡುತ್ತಿದೆಯೇ?

ಎಣಿಕೆಯ ಕಾಲ

ನಡುವಿನ ನೂರು ವರ್ಷಗಳ ಕತೆ ಗೊತ್ತಿರುವಂಥದೇ. ಗಾಜು ಹೋಗಿ ಫಿಲ್ಮ್ ಬಂತು, ಪೆಟ್ಟಿಗೆ ಕೈಗೆ ಹಿಡಿಯುವಷ್ಟಾಯಿತು. ನಮ್ಮಲ್ಲಿ 1960ರಲ್ಲಿ ಊಟಿಯ ಹಿಂದುಸ್ತಾನ್ ಫೋಟೊ ಫಿಲ್ಮ್ಸ್ ಸ್ಥಾಪನೆಯಾಗಿ 'ಇಂದು' ಹೆಸರಿನ ಫಿಲ್ಮ್ ಬಂತು. ಸಂಡೂರಿನ ಎಂ.ವೈ. ಘೋರ್ಪಡೆ, ಬೆಂಗಳೂರಿನ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಂಥವರು ವನ್ಯಜೀವಿ ಛಾಯಾಗ್ರಹಣ ಬೆಳೆಸಿದ್ದು ಫಿಲ್ಮಿನ ಮೇಲೆ. ಒಂದು ರೋಲಿನಲ್ಲಿ 36 ಚಿತ್ರ. ಪ್ರತಿ ಒತ್ತಿಗೂ ಬೆಲೆ ಇತ್ತು, ಫಲ ತಿಳಿಯಲು ದಿನಗಳು ಬೇಕಿತ್ತು. ಸಾಮಾನ್ಯ ಸಂಬಳದವರು ಹಕ್ಕಿಯ ಫೋಟೊಗ್ರಫಿಗೆ ಇಳಿಯದಂತೆ ತಡೆದದ್ದು ಕ್ಯಾಮೆರಾದ ಬೆಲೆ ಒಂದೇ ಅಲ್ಲ, ತಪ್ಪಿನ ಬೆಲೆಯೂ ಹೌದು.

ಆ ಅಡ್ಡಿಯನ್ನು ಡಿಜಿಟಲ್ ತೆಗೆದುಹಾಕಿತು. ಬೆಳಕನ್ನು ವಿದ್ಯುತ್ತಿನ ಲೆಕ್ಕವಾಗಿಸುವ ಸಿಸಿಡಿಯನ್ನು ಬೆಲ್ ಲ್ಯಾಬ್ಸ್‌ನ ಬಾಯ್ಲ್ ಮತ್ತು ಸ್ಮಿತ್ ಕಲ್ಪಿಸಿದ್ದು 1969ರಲ್ಲಿ. ಕೊಡಾಕ್‌ನ ಸ್ಟೀವ್ ಸ್ಯಾಸನ್ 1975ರ ಡಿಸೆಂಬರಿನಲ್ಲಿ ಮೊದಲ ಡಿಜಿಟಲ್ ಕ್ಯಾಮೆರಾ ಕಟ್ಟಿದಾಗ ಅದರ ತೂಕ ಮೂರೂವರೆ ಕಿಲೋ ದಾಟಿತ್ತು. ಚಿತ್ರ 100ಕ್ಕೆ 100 ಚುಕ್ಕೆಗಳದು, ಕ್ಯಾಸೆಟ್ಟಿಗೆ ಬರೆಯಲು 23 ಸೆಕೆಂಡು. ಮರುವರ್ಷ ಅಲ್ಲಿಯದೇ ಬ್ರೈಸ್ ಬೇಯರ್ ಪಡೆದ ಪೇಟೆಂಟಿನ ಬಣ್ಣದ ಜಾಲರಿ ಇಂದಿಗೂ ನಮ್ಮ ಬಹುತೇಕ ಕ್ಯಾಮೆರಾಗಳಲ್ಲಿದೆ: ಅರ್ಧ ಹಸಿರು, ಕಾಲು ಕೆಂಪು, ಕಾಲು ನೀಲಿ. ಮನುಷ್ಯನ ಕಣ್ಣು ಹಸಿರಿಗೆ ಹೆಚ್ಚು ಸೂಕ್ಷ್ಮ ಎಂಬುದೇ ಈ ಪಾಲಿಗೆ ಕಾರಣ.

1999ರ ನಿಕಾನ್ ಡಿ1ರಲ್ಲಿ ಇದ್ದದ್ದು 2.7 ಮೆಗಾಪಿಕ್ಸೆಲ್, ಬೆಲೆ 5 ಸಾವಿರ ಡಾಲರಿನ ಮೇಲೆ. ಅದು ಪತ್ರಿಕಾ ಕಚೇರಿಗಳ ಯಂತ್ರ. ಹವ್ಯಾಸಿಗೆ ಬಾಗಿಲು ತೆರೆದದ್ದು 2003ರ ಕ್ಯಾನನ್ ಇಒಎಸ್ 300ಡಿ. 6.3 ಮೆಗಾಪಿಕ್ಸೆಲ್, ಸಾವಿರ ಡಾಲರಿಗಿಂತ ಕಡಿಮೆ. ಮರುವರ್ಷ ನಿಕಾನ್ ಡಿ70. ಅಲ್ಲಿಂದ ಮುಂದೆ ಒಂದು ದಶಕ ಎಲ್ಲರೂ ಮೆಗಾಪಿಕ್ಸೆಲ್ ಎಣಿಸಿದರು. ಈ ಎಣಿಕೆಯಲ್ಲಿ ಒಂದು ಮೋಸವಿದೆ. 6ರಿಂದ 24ಕ್ಕೆ ಹೋದರೆ ನಾಲ್ಕು ಪಟ್ಟು ಎನಿಸುತ್ತದೆ. ಆದರೆ ಚುಕ್ಕೆಗಳು ಉದ್ದಕ್ಕೂ ಅಗಲಕ್ಕೂ ಹಂಚಿಹೋಗುವುದರಿಂದ ರೆಕ್ಕೆಯ ಗೆರೆ ಹೆಚ್ಚೆಂದರೆ ಎರಡು ಪಟ್ಟು ಸೂಕ್ಷ್ಮವಾಗುತ್ತದೆ. 20ರಿಂದ 24ಕ್ಕೆ ಹೋದವರಿಗೆ ಸಿಗುವುದು ನೂರಕ್ಕೆ ಹತ್ತರಷ್ಟೂ ಅಲ್ಲ.

ಆಮೇಲೆ ಫೋನು ಬಂತು. ಜಪಾನಿನ ಕಂಪನಿಗಳ ಒಕ್ಕೂಟದ ಲೆಕ್ಕದಂತೆ 2010ರಲ್ಲಿ ಮಾರುಕಟ್ಟೆಗೆ ಹೋದ ಡಿಜಿಟಲ್ ಕ್ಯಾಮೆರಾಗಳು 12 ಕೋಟಿ ದಾಟಿದ್ದವು, 2020ರಲ್ಲಿ 90 ಲಕ್ಷವನ್ನೂ ಮುಟ್ಟಲಿಲ್ಲ. ಊಟ, ಮದುವೆ, ಮಕ್ಕಳ ಚಿತ್ರವೆಲ್ಲ ಫೋನಿಗೆ ಹೋದವು. ಫೋನಿಗೆ ದಕ್ಕದೆ ಉಳಿದದ್ದು ದೂರ.

ಖಾಡಿಯ ದೂರ

ದೂರ ಎಂದರೇನೆಂದು ಕಲಿಯಲು ಠಾಣೆ ಖಾಡಿಗಿಂತ ಒಳ್ಳೆಯ ಶಾಲೆ ಇಲ್ಲ. ಖಾಡಿ ಎಂದರೆ ಕಡಲು ನೆಲದೊಳಕ್ಕೆ ಚಾಚಿದ ತೋಳು. ಒಂದು ದಡ ಮುಂಬೈ, ಇನ್ನೊಂದು ಐರೋಲಿ, ವಾಶಿ, ನೆರೂಲ್. ನಡುವೆ ಕೆಸರು, ಅಂಚಿನಲ್ಲಿ ನಮ್ಮ ಕರಾವಳಿಯವರು ಕಾಂಡ್ಲಾ ಎನ್ನುವ ಗಿಡಗಳ ಕಾಡು. ಚಳಿಗಾಲ ಬಂತೆಂದರೆ ಸಾವಿರಾರು ಫ್ಲೆಮಿಂಗೊಗಳು, ಅಂದರೆ ರಾಜಹಂಸಗಳು, ಇಲ್ಲಿ ಬಂದಿಳಿದು ಮಳೆಯ ತನಕ ಇರುತ್ತವೆ. ಮಹಾರಾಷ್ಟ್ರ ಸರ್ಕಾರ 2015ರಲ್ಲಿ ಖಾಡಿಯ ಸುಮಾರು 1,690 ಹೆಕ್ಟೇರನ್ನು ಫ್ಲೆಮಿಂಗೊ ಅಭಯಾರಣ್ಯವೆಂದು ಘೋಷಿಸಿತು. 2022ರಲ್ಲಿ ಇದು ರಾಮ್ಸಾರ್ ಪಟ್ಟಿಗೆ ಸೇರಿತು.

ಅಭಯಾರಣ್ಯ ಹುಟ್ಟಿದ ಹೊತ್ತಿಗೇ ದೂರದ ಅಡ್ಡಿಯೂ ಸಡಿಲವಾಯಿತು. 2013ರಿಂದ 2015ರ ನಡುವೆ ಟ್ಯಾಮ್ರಾನ್ ಮತ್ತು ಸಿಗ್ಮಾ 150–600 ಮಿಲಿಮೀಟರಿನ, ನಿಕಾನ್ 200–500 ಮಿಲಿಮೀಟರಿನ ಲೆನ್ಸುಗಳನ್ನು ತಂದವು. ಸಂಬಳದ ಮನುಷ್ಯ ಉಳಿಸಿ ಕೊಳ್ಳಬಹುದಾದ ಬೆಲೆ. ಇನ್ನೊಂದು ಕಡೆ 2015ರ ನಿಕಾನ್ ಪಿ900, 2018ರ ಪಿ1000ರಂಥ ಸೂಪರ್‌ಜೂಮ್‌ಗಳು. ಪಿ1000ರ ಪೆಟ್ಟಿಗೆಯ ಮೇಲೆ 3000 ಮಿಲಿಮೀಟರ್ ಎಂದಿರುತ್ತದೆ.

ಈ ಅಂಕಿಯನ್ನು ಬಿಚ್ಚಿ ನೋಡಿದರೆ ಆಯ್ಕೆ ಸುಲಭವಾಗುತ್ತದೆ. ಪಿ1000ರ ಲೆನ್ಸಿನ ನಿಜವಾದ ನಾಭಿದೂರ 539 ಮಿಲಿಮೀಟರ್. ಅಂದರೆ ನಿಕಾನಿನ 500ರ ಲೆನ್ಸು ಬಿಡಿಸುವಷ್ಟೇ ದೊಡ್ಡ ಹಕ್ಕಿಯನ್ನು ಇದೂ ತನ್ನ ಸೆನ್ಸಾರಿನ ಮೇಲೆ ಬಿಡಿಸುತ್ತದೆ. ಸೆನ್ಸಾರ್ ಸುಮಾರು 28 ಚದರ ಮಿಲಿಮೀಟರ್ ಅಷ್ಟೇ ಆದ್ದರಿಂದ ಹಕ್ಕಿ ಚೌಕಟ್ಟು ತುಂಬುತ್ತದೆ. ಎಪಿಎಸ್-ಸಿ ಸೆನ್ಸಾರ್ 366ರಷ್ಟು, ಫುಲ್ ಫ್ರೇಮ್ 864. ಅಲ್ಲಿ ಅದೇ ಹಕ್ಕಿ ಬಯಲಲ್ಲಿ ಚಿಕ್ಕದಾಗಿ ನಿಂತಂತೆ ಕಾಣುತ್ತದೆ. ಹಾಗಾದರೆ ದೊಡ್ಡ ಲೆನ್ಸು ಗಳಿಸಿಕೊಡುವುದು ಏನನ್ನು? ಬಾಯಿಯ ಅಗಲವನ್ನು. 500ನ್ನು ಎಫ್ 5.6ರಿಂದ ಭಾಗಿಸಿದರೆ 89 ಮಿಲಿಮೀಟರ್, 539ನ್ನು ಎಫ್ 8ರಿಂದ ಭಾಗಿಸಿದರೆ 67. ವಿಸ್ತೀರ್ಣದಲ್ಲಿ ಹೋಲಿಸಿದರೆ ಅದೇ ಹಕ್ಕಿಯಿಂದ ಸುಮಾರು ಒಂದೂಮುಕ್ಕಾಲು ಪಟ್ಟು ಬೆಳಕು. ಲಾಭ ನಿಜ. ಆದರೆ ಹಕ್ಕಿ ತೀರಾ ದೂರವಿದ್ದು, ಎಷ್ಟೇ ಆದರೂ ಅಂಚು ಕತ್ತರಿಸಲೇಬೇಕಾದಾಗ, ಸೆನ್ಸಾರುಗಳ ಅಳತೆ ಹೇಳುವಂತೆ ಹದಿಮೂರು ಪಟ್ಟೋ ಮೂವತ್ತು ಪಟ್ಟೋ ಅಲ್ಲ. ಹಕ್ಕಿ ಹತ್ತಿರ ಬಂದು ದೊಡ್ಡ ಸೆನ್ಸಾರನ್ನು ತುಂಬಿದ ದಿನ ಮಾತ್ರ ಆ ಅಳತೆ ಪೂರ್ತಿ ಕೆಲಸಕ್ಕೆ ಬರುತ್ತದೆ.

ಹತ್ತಿರ ತರುವುದು ಯಾವುದು? ಉಬ್ಬರ. ಇಳಿತದಲ್ಲಿ ಕೆಸರು ಬಯಲಾಗಿ ಹಕ್ಕಿಗಳು ಮೇಯುತ್ತ ಚದುರುತ್ತವೆ. ನೀರು ಏರಿದಂತೆ ಕೆಸರು ಮುಳುಗಿ ದಡದ ಕಡೆಗೋ ನೆರೂಲ್, ಸೀವುಡ್ಸ್ ಬಳಿಯ ಕೆರೆಗಳಿಗೋ ಬರುತ್ತವೆ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ, ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ನೀರು ಹೆಚ್ಚು ಏರುತ್ತದೆ. ಪಂಚಾಂಗ ಗೊತ್ತಿರುವವನು ಹಳೆಯ 300 ಮಿಲಿಮೀಟರಿನಲ್ಲಿ ತೆಗೆದದ್ದನ್ನು, ಗೊತ್ತಿಲ್ಲದವನು 600ರಲ್ಲೂ ತೆಗೆಯಲಾರ. ಬೆಳಿಗ್ಗೆ ಒಂಬತ್ತು ದಾಟಿ ಕೆಸರಿನ ಮೇಲೆ ಬಿಸಿಗಾಳಿ ನಡುಗತೊಡಗಿದರೆ ಯಾವ ಲೆನ್ಸೂ ಉಪಯೋಗಕ್ಕಿಲ್ಲ.

ಮೇಲ್ದರ್ಜೆ

ಅಪ್‌ಗ್ರೇಡ್ ಎಂಬುದಕ್ಕೆ ಕನ್ನಡದ ಸರ್ಕಾರಿ ಪದ 'ಮೇಲ್ದರ್ಜೆಗೇರಿಸು'. ಆಸ್ಪತ್ರೆ, ರಸ್ತೆ, ರೈಲು ನಿಲ್ದಾಣಗಳಿಗೆ ಅದನ್ನು ಬಳಸುತ್ತಾರೆ. ಅನುವಾದ ಮಾಡುವಾಗ ನನಗೆ ಈ ಪದದ ಮೇಲೆ ಅನುಮಾನ. ಅದು ಏಣಿಯ ಚಿತ್ರ ಕೊಡುತ್ತದೆ, ಮೇಲಿನ ಮೆಟ್ಟಿಲು ಎಲ್ಲರಿಗೂ ಮೇಲೇ ಎಂಬಂತೆ. ಕ್ಯಾಮೆರಾದ ಚರಿತ್ರೆಯಲ್ಲಿ ಅಂಥ ಏಣಿ ಇಲ್ಲ.

ಅಲ್ಲಿ ಹೆಚ್ಚು ಬಾಳಿದ್ದು ಕ್ಯಾಮೆರಾವಲ್ಲ, ಅದರ ಮೂತಿ, ಅಂದರೆ ಲೆನ್ಸು ಕೂರುವ ಮೌಂಟ್. ನಿಕಾನಿನ ಎಫ್ ಮೌಂಟ್ 1959ರದು, ಕ್ಯಾನನ್ ಇಎಫ್ 1987ರದು. ಕ್ಯಾನನ್ ಆ ವರ್ಷ ಹಳೆಯ ಎಫ್‌ಡಿ ಮೌಂಟನ್ನು ಕೈಬಿಟ್ಟಾಗ ಲೆನ್ಸು ಕೂಡಿಟ್ಟವರು ನಡುನೀರಿನಲ್ಲಿ ಉಳಿದರು. 2008ರಲ್ಲಿ ಪ್ಯಾನಸಾನಿಕ್ ಜಿ1ರಿಂದ ಕನ್ನಡಿಯಿಲ್ಲದ ಕ್ಯಾಮೆರಾ ಶುರುವಾಯಿತು. 2018ರಲ್ಲಿ ನಿಕಾನ್ ಝಡ್, ಕ್ಯಾನನ್ ಆರ್‌ಎಫ್ ಮೌಂಟ್‌ಗಳು ಬಂದವು. ಈ ಸಲ ಎರಡೂ ಕಂಪನಿಗಳು ಹಳೆಯ ಲೆನ್ಸಿಗೆ ಅಡಾಪ್ಟರ್ ಕೊಟ್ಟವು. ಹಾಗಾಗಿ ಹಣ ಹಾಕುವ ಕ್ರಮ ಇಂದಿಗೂ ಅದೇ: ಮೊದಲು ಲೆನ್ಸು, ಆಮೇಲೆ ದೇಹ.

ದೇಹ ಬದಲಿಸಲು ಗಟ್ಟಿ ಕಾರಣ ಒಂದಿದೆ, ಹಾರಾಟ. 2020ರಲ್ಲಿ ಕ್ಯಾನನ್ ಆರ್5, ಆರ್6 ಹಕ್ಕಿಯ ಕಣ್ಣನ್ನು ತಾವೇ ಗುರುತಿಸಿ ಫೋಕಸ್ ಹಿಡಿಯತೊಡಗಿದವು, ಉಳಿದವರೂ ಹಿಂದೆಯೇ ಬಂದರು. ಹಾರುವ ಹಕ್ಕಿಯೇ ನಿಮ್ಮ ಪ್ರೀತಿಯಾದರೆ ಇದು ಕೊಡುವ ದುಡ್ಡಿಗೆ ತಕ್ಕದ್ದು. ನಿಂತ ಹಕ್ಕಿ, ನಿಳಜೆ ಕೆರೆ, ದುರ್ಗಾಡಿ ಕೋಟೆಯ ಸಂಜೆ ಸಾಕೆಂದರೆ, ಜನ ಮಿರರ್‌ಲೆಸ್ ಕಡೆ ಓಡುತ್ತ ಬಿಟ್ಟುಹೋದ ಡಿಎಸ್‌ಎಲ್‌ಆರ್‌ಗಳು ಸೆಕೆಂಡ್‌ಹ್ಯಾಂಡ್‌ನಲ್ಲಿ ಅಗ್ಗವಾಗಿ ಸಿಗುತ್ತವೆ. ಹೊಸದಾದರೆ ಜಿಎಸ್‌ಟಿಯೇ ನೂರಕ್ಕೆ 18. 2018ರ ಕೊನೆಯ ತನಕ ಅದು 28 ಇತ್ತು. ಕೊಳ್ಳುವಾಗ ಲೆನ್ಸಿನೊಳಗೆ ಟಾರ್ಚ್ ಬಿಟ್ಟು ನೋಡಿ. ನಮ್ಮ ಮಳೆಗಾಲದ ತೇವಕ್ಕೆ ಗಾಜಿನ ಮೇಲೆ ಬೂಷ್ಟು ಜೇಡರಬಲೆಯಂತೆ ಹಬ್ಬುತ್ತದೆ. ಉಳಿದ ಹಣದಲ್ಲಿ ಗಾಳಿಯಾಡದ ಡಬ್ಬ, ಸಿಲಿಕಾ ಜೆಲ್ ತನ್ನಿ.

ಗಡಿಯಾರ ಸರಿ ಇಟ್ಟುಕೊಳ್ಳಿ

2024ರಲ್ಲಿ ನೆರೂಲ್‌ನ ಡಿಪಿಎಸ್ ಕೆರೆಗೆ ಉಬ್ಬರದ ನೀರು ಬರುವ ದಾರಿ ಮುಚ್ಚಿ ಕೆರೆ ಒಣಗಿತು, ಫ್ಲೆಮಿಂಗೊಗಳು ಸತ್ತವು. ನವಿ ಮುಂಬೈಯಂಥ ಊರಿನಲ್ಲಿ ಜೌಗುನೆಲದ ಎಲ್ಲ ಜಗಳವೂ ಕೊನೆಗೆ ಒಂದು ಪ್ರಶ್ನೆಗೆ ಬಂದು ನಿಲ್ಲುತ್ತದೆ: ಇದು ಕೆರೆಯೋ, ಖಾಲಿ ಸೈಟೋ? ಅಲ್ಲಿ ಯಾವ ತಿಂಗಳು ನೀರಿತ್ತು, ಯಾವ ಹಕ್ಕಿ ಎಷ್ಟು ಇತ್ತು ಎಂದು ಹೇಳಬಲ್ಲವರು ಆ ದಡದಲ್ಲಿ ವರ್ಷವರ್ಷ ನಿಂತವರೇ. 2023ರ 'ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್' ವರದಿ ನಿಂತಿದ್ದೂ ಸುಮಾರು 30 ಸಾವಿರ ಹಕ್ಕಿ ವೀಕ್ಷಕರು ಇಬರ್ಡ್‌ಗೆ ಕೊಟ್ಟ ದಾಖಲೆಗಳ ಮೇಲೆ. ಅವರಲ್ಲಿ ಬಹುಪಾಲು ಹವ್ಯಾಸಿಗಳು.

ಈ ಕೆಲಸಕ್ಕೆ ಒಂದೇ ಹಕ್ಕಿಯ ಕಣ್ಣಿನ ಹೊಳಪು ಸಾಲದು. ಹಿಂದಿನ ನೀರು, ಕಾಂಡ್ಲಾ, ಅದರಾಚೆಯ ಕಟ್ಟಡಗಳೂ ಚೌಕಟ್ಟಿನಲ್ಲಿರಬೇಕು. ಗ್ರೀನ್‌ಲಾ ರಥದ ಕೆತ್ತನೆಯನ್ನಷ್ಟೇ ತೆಗೆದಿದ್ದರೆ ಗೋಪುರ ಇತ್ತೆಂಬುದು ಚಿತ್ರದಿಂದ ತಿಳಿಯುತ್ತಿರಲಿಲ್ಲ. ಹಾಗಾಗಿ ಖಾಡಿಗೆ ಹೋದಾಗಲೆಲ್ಲ ಒಂದೇ ಜಾಗದಿಂದ ಒಂದು ಅಗಲ ಚಿತ್ರ ತೆಗೆಯಿರಿ, ಫೋನಿನಲ್ಲಾದರೂ ಸರಿ. ಮೂಲ ಫೈಲನ್ನು ಎರಡು ಡಿಸ್ಕಿನಲ್ಲಿಡಿ, ವಾಟ್ಸಾಪ್ ಹಿಂಡಿದ ಪ್ರತಿಯನ್ನಲ್ಲ. ಹೊಸ ಕ್ಯಾಮೆರಾ ಕೊಳ್ಳುವುದು ಮುಂದಿನ ವರ್ಷಕ್ಕೆ ಹೋದರೂ, ಈಗಿರುವುದರ ಗಡಿಯಾರ ಮತ್ತು ತಾರೀಖು ಸರಿಯಾಗಿವೆಯೇ ಎಂದು ಇವತ್ತೇ ನೋಡಿಬಿಡಿ.