ಶಿರಹಟ್ಟಿ ಸೀಮೆಯ ಮಾಗಡಿ: ಕೆರೆ, ಎರಿ, ಹೆಬ್ಬಾತು

ಮಾಗಡಿ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಬೆಂಗಳೂರಿನ ಮಗ್ಗುಲಿನ, ಕೆಂಪೇಗೌಡರ ಮಾಗಡಿ. ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿಗೆ ಈ ಬೇಸರ ಇದ್ದದ್ದೇ. 2024ರ ಜನವರಿ ಕೊನೆಯಲ್ಲಿ ಇಲ್ಲಿನ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್‌ಸಾರ್ ಪಟ್ಟಿ ಸೇರಿದ ಮೇಲೂ ಲಕ್ಷ್ಮೇಶ್ವರದ ಹತ್ತಿರದ ಊರು ಎಂದು ಬಿಡಿಸಿ ಹೇಳಬೇಕಾಗುತ್ತದೆ. ಸುಮಾರು 50 ಹೆಕ್ಟೇರ್ ಹರವು, 166ಕ್ಕೂ ಹೆಚ್ಚು ಬಗೆಯ ಹಕ್ಕಿಗಳು, ಅವುಗಳಲ್ಲಿ 130 ವಲಸೆಯವು, ಚಳಿಗಾಲಕ್ಕೆ ಬಂದಿಳಿಯುವ ಹಕ್ಕಿಗಳು ಸುಮಾರು 8,000: ಕೆರೆಯ ಬಗ್ಗೆ ಎಲ್ಲರೂ ಎತ್ತಿ ಬರೆಯುವ ಅಂಕಿಗಳು ಇವು. ಇವುಗಳಲ್ಲಿ ಸುತ್ತಲಿನ ಎರಿ, ಅಂದರೆ ಕಪ್ಪು ಮಣ್ಣಿನ, ಹೊಲದ ಸುದ್ದಿಯೇ ಇಲ್ಲ. ಈ ಊರಿನ ಹೆಸರನ್ನು ಮೇಲೆತ್ತಿದ ಪಟ್ಟೆತಲೆ ಹೆಬ್ಬಾತಿನ ಮಟ್ಟಿಗಂತೂ ಹೊಲವನ್ನು ಬಿಟ್ಟು ಬರೆದ ಕೆರೆಯ ಚರಿತ್ರೆ ಅರ್ಧ ಚರಿತ್ರೆ.

ಚಳಿಗಾಲದ ಒಂದು ದಿನವನ್ನೇ ಸಾಕ್ಷಿಗೆ ಕರೆಯಬಹುದು. ಬೆಳಿಗ್ಗೆ ಗುಂಪು ಗುಂಪಾಗಿ ಕೆರೆಗೆ ಬಂದಿಳಿಯುವ ಹೆಬ್ಬಾತುಗಳು ಅಷ್ಟು ಹೊತ್ತಿಗಾಗಲೇ ಮೇದು ಬಂದಿರುತ್ತವೆ. ಹಗಲೆಲ್ಲ ನೀರಿನ ಮೇಲೆ, ದಂಡೆಯ ಇಳಿಜಾರಿನಲ್ಲಿ ಅವುಗಳ ವಿಶ್ರಾಂತಿ. ಬಿಳಿ ತಲೆಯ ಹಿಂಬದಿಯಲ್ಲಿ ಅಡ್ಡಕ್ಕೆ ಎಳೆದ ಎರಡು ಕಪ್ಪು ಪಟ್ಟೆ, ತುದಿಯಲ್ಲಿ ಕಪ್ಪಾದ ಹಳದಿ ಕೊಕ್ಕು. ಈ ಕೊಕ್ಕು ಮೀನು ಹಿಡಿಯುವಂಥದ್ದಲ್ಲ, ಹುಲ್ಲು ಕತ್ತರಿಸುವಂಥದ್ದು. ಹೊತ್ತು ಮುಳುಗುತ್ತಿದ್ದಂತೆ ಅವು ಮತ್ತೆ ಎದ್ದು ಹೊಲಗಳತ್ತ ಹಾರುತ್ತವೆ: ಹಿಂಗಾರಿ ಕಡಲೆ, ಗೋಧಿಯ ಎಳೆ ಪೈರು, ಶೇಂಗಾ ಕಿತ್ತ ನೆಲದಲ್ಲಿ ಉಳಿದ ಹಕ್ಕಲು ಕಾಳು. ಮಂಗೋಲಿಯಾ, ಟಿಬೆಟ್‌ಗಳ ಎತ್ತರದ ಜೌಗಿನಲ್ಲಿ ಮರಿ ಮಾಡಿ, ಹಿಮಾಲಯ ದಾಟಿ ಬರುವ ಈ ಜಾತಿಗೆ ಮಾಗಡಿ ಕೆರೆ ಮಲಗುವ ಮನೆ, ಎರಿ ಹೊಲವೇ ಅಡುಗೆಮನೆ. ಈ ಮರವಿಲ್ಲದ ಬಯಲಿನ ಮೇಲೆ ತಗ್ಗಿನಲ್ಲಿ ತೇಲುವ ಸೆಳೆವ ಎಂಬ ಬೇಟೆಹಕ್ಕಿಗಳೂ ಅದೇ ಮಾತನ್ನು ಹೇಳುತ್ತವೆ. ಅವಕ್ಕೆ ಕೆರೆಯ ಹಂಗೇ ಇಲ್ಲ. ಬೇಟೆಯೂ ನೆಲದಲ್ಲಿ, ರಾತ್ರಿಯ ತಂಗುವಿಕೆಯೂ ನೆಲದಲ್ಲಿ.

ನೀರಿದ್ದಲ್ಲಿ ಹಕ್ಕಿ ಬಂದೇ ಬರುತ್ತದೆ, ಹೊಲದ ಮಾತೇಕೆ ಎನ್ನುವವರಿದ್ದಾರೆ. ಮೀನು ನಂಬಿದ ಹಾವಕ್ಕಿಗೆ, ನೀರಲ್ಲೇ ಮೇವು ಹುಡುಕುವ ಸೂಜಿಬಾಲದ ಬಾತಿಗೆ ಆ ಮಾತು ಬಹುಮಟ್ಟಿಗೆ ಒಪ್ಪುತ್ತದೆ. ಹೆಬ್ಬಾತಿಗೆ ಒಪ್ಪುವುದಿಲ್ಲ. ಇನ್ನೊಂದು ಆಕ್ಷೇಪ ಇದಕ್ಕಿಂತ ಭಾರವಾದದ್ದು: ಹಕ್ಕಿಯ ಅಡುಗೆಮನೆ ಎಂದು ಕರೆದ ಹೊಲ ರೈತನ ಅನ್ನವಲ್ಲವೇ? ಹೌದು. ಹಕ್ಕಲು ಕಾಳು ಹೋದರೆ ಯಾರಿಗೂ ನಷ್ಟವಿಲ್ಲ, ಆದರೆ ಎಳೆ ಕಡಲೆಯ ಕುಡಿ ಹೋದರೆ ನಷ್ಟವೇ. ಹಿಕ್ಕೆ ಗೊಬ್ಬರವಾಗುತ್ತದೆ ಎಂದು ಸಮಾಧಾನ ಹೇಳಿ ಅದನ್ನು ಮುಚ್ಚಿಹಾಕುವುದು ಅನ್ಯಾಯ. ಕೆರೆಯ ಕೀರ್ತಿ ನಾಡಿಗೆಲ್ಲ ಸಲ್ಲುವಾಗ ಅದರ ಖರ್ಚು ಕೆರೆಯಂಚಿನ ನಾಲ್ಕು ಮನೆಗಳ ಮೇಲೆ ಬೀಳಬಾರದು; ಹೊಲವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಮಾತ್ರ ಬೆಳೆ ಹಾನಿಯ ಪರಿಹಾರದ ಮಾತು ಏಳುತ್ತದೆ.

ಇದು ಮಳೆನೀರು ಹಿಡಿದು ಹೊಲಕ್ಕೆ ಹಾಯಿಸಲು ಜನ ಕಟ್ಟಿದ ಕೆರೆ, ಹೂಳೆತ್ತಿ ಆಳ ಮಾಡಿದರೆ ತಪ್ಪೇನು ಎಂಬ ಪ್ರಶ್ನೆಯೂ ಇದೆ. ಹೂಳು ತೆಗೆಯಲೇಬೇಕು. ಅಂಚನ್ನು ಗೋಡೆಯಂತೆ ಕಡಿದರೆ ಮಾತ್ರ ಹೆಬ್ಬಾತು ಕಾಲೂರುವ ಇಳಿಜಾರೇ ಹೋಗುತ್ತದೆ. ಯಾವ ದಿಕ್ಕಿನ ಹೊಲದಲ್ಲಿ ಏನು ಬಿತ್ತಿದ ವರ್ಷ ಹಕ್ಕಿ ಎಲ್ಲಿ ಇಳಿದಿತ್ತು ಎಂಬ ತಿಳಿವಳಿಕೆ ಇರುವುದು ಊರಿನ ಹಿರಿಯ ಒಕ್ಕಲಿಗರ ಬಾಯಲ್ಲಿ, ಬರಹದಲ್ಲಲ್ಲ. ಹಕ್ಕಿ ಗಣತಿಯ ಪುಸ್ತಕದಲ್ಲೇ ಒಂದು ಪುಟ ತೆಗೆದಿರಿಸಿ, ಆ ವರ್ಷದ ಬಿತ್ತನೆ, ಮಳೆ, ಬೆಳೆ ಹಾನಿಗಳನ್ನು ಅವರನ್ನು ಕೇಳಿ ಬರೆದಿಡುವ ಕೆಲಸ ಈ ಹಿಂಗಾರಿನಿಂದಲೇ ಶುರುವಾಗಬೇಕು.