ಮಠದ ಬಾಗಿಲಿನ ಬಿಯರ್

ಬೆಲ್ಜಿಯಂ ದೇಶದ ವೆಸ್ಟ್‌ವ್ಲೆಟೆರೆನ್ ಗ್ರಾಮದ ಸಂತ ಸಿಕ್ಸ್ಟಸ್ ಮಠದಲ್ಲಿ ಟ್ರಾಪಿಸ್ಟ್ ಸನ್ಯಾಸಿಗಳು 1839ರಿಂದ ಬಿಯರ್ ತಯಾರಿಸುತ್ತ ಬಂದಿದ್ದಾರೆ. ಕೈದುಡಿಮೆಯಿಂದ ಬಾಳಬೇಕೆಂಬುದು ಅವರು ಪಾಲಿಸುವ ಸಂತ ಬೆನೆಡಿಕ್ಟನ ವಿಧಿ. 2005ರಲ್ಲಿ ಅಂತರಜಾಲದ ರಸಿಕರು ಇವರ ‘ಹನ್ನೆರಡು’ ಎಂಬ ಬಿಯರನ್ನು ಲೋಕದಲ್ಲೇ ಶ್ರೇಷ್ಠವೆಂದು ಆರಿಸಿದಾಗ ಕೊಳ್ಳುವವರ ಕಾರುಗಳು ಮಠದ ಬಾಗಿಲಿಗೆ ಸಾಲುಗಟ್ಟಿದವು. ಸನ್ಯಾಸಿಗಳು ತಯಾರಿಕೆಯನ್ನು ಹೆಚ್ಚಿಸಲಿಲ್ಲ. ಪ್ರಾರ್ಥನೆಯ ಹೊತ್ತನ್ನು ವ್ಯಾಪಾರಕ್ಕೆ ಬಿಟ್ಟುಕೊಡಲು ಅವರು ಒಪ್ಪಲಿಲ್ಲ. 2012ರಲ್ಲಿ ಮಠದ ಕಟ್ಟಡದ ಖರ್ಚಿಗೆಂದು ಒಂದಿಷ್ಟು ಸೀಸೆಗಳನ್ನು ಹೊರದೇಶಗಳಿಗೆ ಕಳುಹಿಸಿದ್ದುಂಟು.

ನಾವು ನಾಲ್ವರು ಗೆಳೆಯರು ಅದನ್ನರಸಿ ಹೋದೆವು. ಮಠದೆದುರಿನ ಉಪಾಹಾರ ಗೃಹದಲ್ಲಿ ದೊರೆಯಿತು: ಗಾಢ ಕಂದು ಬಣ್ಣ, ಒಣದ್ರಾಕ್ಷಿಯ ಸಿಹಿ, ಕೊನೆಗೆ ನವುರಾದ ಕಹಿ. ನೂರಕ್ಕೆ ಹತ್ತು ಪಾಲು ಮದ್ಯಸಾರ. ಒಂದೊಂದು ಲೋಟವೇ ಸಾಕಾಯಿತು. ವ್ಯಾಪಾರಿ ಬೆಲೆಯೇರಿಸಲು ಅಭಾವವನ್ನು ಸೃಷ್ಟಿಸುತ್ತಾನೆ. ಇಲ್ಲಿಯ ಅಭಾವ ಹುಟ್ಟಿದ್ದು ‘ಇಷ್ಟು ಸಾಕು’ ಎಂಬ ಸನ್ಯಾಸಿಗಳ ನಿರ್ಧಾರದಿಂದ.